ಮರ ಯಾಕೆ ಮುಟ್ಟಿದರೆ ಮುನಿ ಆಗ್ಬೇಕು?

ಈ ಸಲ ಸ್ವಲ್ಪ ಹೊಟ್ಟೆಪಾಡಿನ ವಿಷಯ ಬರೀತಿದೀನಿ. ಸಾಫ್ಟ್‌ವೇರ್ ಅಂದ ತಕ್ಷಣ ಪುಟ ಮುಚ್ಚಿ ಓಡಬೇಡಿ ಮಾರಾಯ್ರೆ, ಒಂದು ಸಾಲೂ ಕೋಡ್ ಇರೋದಿಲ್ಲ ಅಂತ ಮಾತು ಕೊಡ್ತೀನಿ :) ಜಾವಾದಲ್ಲಿ ಕೆಲಸ ಮಾಡೋ ಬ್ಲಾಗಿಗರು ನಮ್ಮಲ್ಲಿ ಸುಮಾರು ಜನ ಇದ್ದೀರಿ, ನಿಮಗೆ ಇದು ನೇರವಾಗಿ ತಟ್ಟುತ್ತೆ. ಉಳಿದವರಿಗೆ, ನೀವು ದಿನಾ ಕಂಪ್ಯೂಟರ್ ಮುಂದೆ ಕೂತು ಬೈಕೊಳ್ಳೋ ಒಂದು ಕಿರಿಕಿರಿ ಎಲ್ಲಿಂದ ಹುಟ್ಟುತ್ತೆ ಅನ್ನೋದು ಗೊತ್ತಾಗುತ್ತೆ.

ವಿಷಯ ಟ್ರೀ ವ್ಯೂ. ಅಂದ್ರೆ ಪರದೆಯ ಎಡಗಡೆ ಕಾಣೋ ಆ ಮರ. ಒಂದು ಬಾಣದ ಗುರುತು, ಒತ್ತಿದ್ರೆ ಒಳಗಿನ ಕೊಂಬೆಗಳು ತೆರೆದುಕೊಳ್ಳುತ್ವೆ, ಮತ್ತೆ ಒತ್ತಿದ್ರೆ ಮುಚ್ಚಿಕೊಳ್ಳುತ್ವೆ. ನಮ್ಮ ಕಂಪ್ಯೂಟರ್ ಮರಕ್ಕೆ ಬೇರು ಮೇಲೆ, ಎಲೆ ಕೆಳಗೆ. ಗೀತೆಯ 15ನೇ ಅಧ್ಯಾಯದ ಅಶ್ವತ್ಥದ ಹಾಗೆ ತಲೆಕೆಳಗು. ಕಚೇರಿ, ಬ್ಯಾಂಕು, ಗೋದಾಮು, ಆಸ್ಪತ್ರೆ, ಎಲ್ಲ ಕಡೆಯ ಒಳಗಿನ ಸಾಫ್ಟ್‌ವೇರಿನಲ್ಲೂ ಇಂಥದ್ದೊಂದು ಮರ ಇದ್ದೇ ಇರುತ್ತೆ.

ಈಗ ಈ ಮರದಲ್ಲಿ ನಾಲ್ಕು ಹಂತ ಕೆಳಗಿಳಿದು ಬೇಕಾದ ಜಾಗ ಹುಡುಕಿಕೊಂಡಿದೀರಿ ಅಂದುಕೊಳ್ಳಿ. ಅಲ್ಲಿ ಒಂದು ಹೊಸ ವಸ್ತು ಸೇರಿಸ್ತೀರಿ, ಸೇವ್ ಒತ್ತುತ್ತೀರಿ. ಮರ ರಿಫ್ರೆಶ್ ಆಗುತ್ತೆ. ಅಷ್ಟೇ... ಎಲ್ಲಾ ಕೊಂಬೆಗಳೂ ಮುದುಡಿ, ಬೇರೊಂದೇ ಉಳಿಯುತ್ತೆ. ಮತ್ತೆ ನಾಲ್ಕು ಹಂತ ಇಳಿಯಿರಿ. ಇನ್ನೊಂದು ವಸ್ತು ಸೇರಿಸಿ. ಮತ್ತೆ ಮುದುಡುತ್ತೆ. ನಮ್ಮೂರ ಬದುವಿನ ಮೇಲೆ ಬೆಳೆಯೋ ಮುಟ್ಟಿದರೆ ಮುನಿ ಗಿಡಕ್ಕೂ ಇದಕ್ಕೂ ಒಂದೇ ವ್ಯತ್ಯಾಸ, ಆ ಗಿಡ ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಎಲೆ ಬಿಚ್ಚುತ್ತೆ!

ಇದನ್ನ ಬಗ್ ಅಂತ ದಾಖಲಿಸಿದ್ರೆ ಸಾಮಾನ್ಯವಾಗಿ ಬರೋ ಉತ್ತರ "ಕಡಿಮೆ ಆದ್ಯತೆ". ಡೇಟಾ ಸರಿ ಇದೆಯಲ್ಲ, ಹೊಸದು ಕಾಣಿಸ್ತಾ ಇದೆಯಲ್ಲ, ಇನ್ನೇನು ಬೇಕು ಅಂತ. ನನ್ನ ತಕರಾರು ಇರೋದು ಈ ಉತ್ತರದ ಬಗ್ಗೆಯೇ. ರಿಫ್ರೆಶ್ ಅಂದ್ರೆ ಬದಲಾದದ್ದನ್ನ ತೋರಿಸೋದು. ನೋಡ್ತಾ ಇದ್ದವರು ಎಲ್ಲಿದ್ರು ಅನ್ನೋದನ್ನ ಮರೆತುಬಿಡೋ ರಿಫ್ರೆಶ್ ಅರ್ಧ ಕೆಲಸ ಮಾಡಿದ ಹಾಗೆ. ಅದು ಚಂದ ಹೆಚ್ಚಿಸೋ ಪ್ರಶ್ನೆ ಅಲ್ಲ, ಕೆಲವು ಸಲ ತಪ್ಪು ಡೇಟಾ ಅಳಿಸಿಹೋಗೋ ಪ್ರಶ್ನೆ. ಹೇಗೆ ಅಂತ ಮುಂದೆ ಹೇಳ್ತೀನಿ.

*

ಗ್ರಂಥಾಲಯದಲ್ಲಿ ಕೂತಿದೀರಿ. ಮೇಜಿನ ಮೇಲೆ ಐದು ಪುಸ್ತಕ ತೆರೆದಿಟ್ಟುಕೊಂಡು ಏನೋ ಟಿಪ್ಪಣಿ ಮಾಡ್ಕೋತಿದೀರಿ. ಅಷ್ಟರಲ್ಲಿ ಕಪಾಟಿಗೆ ಒಂದು ಹೊಸ ಪುಸ್ತಕ ಬಂತು. ಗ್ರಂಥಪಾಲಕರು ಬಂದು ನಿಮ್ಮ ಐದೂ ಪುಸ್ತಕ ಮುಚ್ಚಿ, ಕಪಾಟಿಗೆ ವಾಪಸ್ ಇಟ್ಟು, "ಈಗ ನಮ್ಮ ಸಂಗ್ರಹ ಹೊಸದಾಗಿದೆ, ಮೊದಲಿಂದ ಹುಡುಕಿಕೊಳ್ಳಿ" ಅಂದ್ರೆ ಸುಮ್ನೆ ಇರ್ತೀರಾ?

ಇಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಕಪಾಟಿನಲ್ಲಿ ಏನಿದೆ ಅನ್ನೋದು ಗ್ರಂಥಾಲಯಕ್ಕೆ ಸೇರಿದ್ದು. ಯಾವ ಪುಸ್ತಕ, ಯಾವ ಪುಟ ತೆರೆದಿದೆ ಅನ್ನೋದು ಓದುಗರಿಗೆ ಸೇರಿದ್ದು. ಮರದಲ್ಲೂ ಹಾಗೇ. ಯಾವ ನೋಡಿನ ಕೆಳಗೆ ಯಾವ ನೋಡಿದೆ ಅನ್ನೋದು ಡೇಟಾಬೇಸಿನದು. ಯಾವುದು ತೆರೆದಿದೆ, ಯಾವುದು ಆಯ್ಕೆಯಾಗಿದೆ, ಎಷ್ಟು ಕೆಳಗೆ ಸ್ಕ್ರೋಲ್ ಆಗಿದೆ ಅನ್ನೋದು ಬಳಕೆದಾರರದು. ಇವೆರಡನ್ನೂ ಒಂದೇ ಡಬ್ಬಿಗೆ ಹಾಕಿದ್ರೆ, ಒಂದನ್ನ ಬದಲಿಸೋವಾಗ ಇನ್ನೊಂದೂ ಹೋಗುತ್ತೆ. ಮರ ಮುದುಡೋದಕ್ಕೆ ಬಹುಪಾಲು ಕಾರಣ ಇಷ್ಟೇ.

ಜಾವಾದ ಕಥೆ ನೋಡಿ. 1998ರಲ್ಲಿ ಜಾವಾ 1.2ರ ಜೊತೆ ಸ್ವಿಂಗ್ ಬಂತು, ಅದರಲ್ಲೇ ಜೆಟ್ರೀ ಇತ್ತು. ಅದರ ಡೀಫಾಲ್ಟ್ ಮಾಡೆಲ್‌ನಲ್ಲಿ ರೀಲೋಡ್ ಅಂತ ಒಂದು ಮೆಥಡ್ ಇದೆ. ಹೆಸರು ನೋಡಿ ಎಲ್ಲರೂ ಅದನ್ನೇ ಕರೀತಾರೆ. ಅದು ಮರಕ್ಕೆ ಹೇಳೋದು "ಈ ನೋಡಿನ ಕೆಳಗೆ ಎಲ್ಲವೂ ಬದಲಾಗಿದೆ, ಹಿಂದಿನದನ್ನ ನಂಬಬೇಡ" ಅಂತ. ಮರ ಪಾಪ ಹೇಳಿದ್ದು ಕೇಳುತ್ತೆ, ಕೆಳಗೆ ತೆರೆದಿದ್ದನ್ನೆಲ್ಲ ಮರೆಯುತ್ತೆ. ಆದ್ರೆ ಅದೇ ಮಾಡೆಲ್‌ನಲ್ಲಿ ಬೇರೆ ಮೆಥಡ್‌ಗಳೂ ಇವೆ. ಇಂಥ ಕಡೆ ಹೊಸ ನೋಡ್ ಸೇರಿದೆ, ಇಂಥದ್ದು ಹೋಗಿದೆ, ಇದರ ಹೆಸರು ಮಾತ್ರ ಬದಲಾಗಿದೆ ಅಂತ ಸಣ್ಣ ಸುದ್ದಿಯನ್ನ ಸಣ್ಣದಾಗೇ ಹೇಳೋ ದಾರಿಗಳು. ಅವನ್ನ ಬಳಸಿದ್ರೆ ಉಳಿದ ಕೊಂಬೆಗಳು ಇದ್ದ ಹಾಗೇ ಇರುತ್ವೆ. ಅಂದ್ರೆ ಮೊದಲಿಂದಲೂ ಉಪಾಯ ಇತ್ತು. ಊರಲ್ಲಿ ಒಂದು ಮನೆಗೆ ಹೊಸ ಸೊಸೆ ಬಂದಳು ಅಂತ ಹೇಳೋದಕ್ಕೆ, ಊರೇ ಮುಳುಗಿತು ಅಂತ ಡಂಗುರ ಹೊಡೆಸಿದವರು ನಾವು.

ವೆಬ್ಬಿಗೆ ಬಂದಮೇಲೆ ಇದು ಇನ್ನೂ ಕೆಟ್ಟಿತು. ಮೊದಲೆಲ್ಲ ಒಂದು ಗುಂಡಿ ಒತ್ತಿದ್ರೆ ಇಡೀ ಪುಟವೇ ಸರ್ವರಿಂದ ಹೊಸದಾಗಿ ಬರ್ತಿತ್ತು. 2005ರಲ್ಲಿ ಅಜಾಕ್ಸ್ ಅನ್ನೋ ಹೆಸರು ಹುಟ್ಟಿತು. 2009ರ ಜೆಎಸ್‌ಎಫ್ 2.0 ಪುಟದ ಒಂದು ಭಾಗವನ್ನ ಮಾತ್ರ ಬದಲಿಸೋ ಸೌಲಭ್ಯವನ್ನ ಸ್ಟಾಂಡರ್ಡ್‌ಗೇ ಸೇರಿಸಿತು. ಈಗ ಅದರ ಹೆಸರು ಜಕಾರ್ತಾ ಫೇಸಸ್. ಸೌಲಭ್ಯ ಬಂದರೂ ನಮ್ಮ ಅಭ್ಯಾಸ ಹೋಗಲಿಲ್ಲ. ಇವತ್ತಿಗೂ ಒಂದು ಹೆಸರು ತಿದ್ದಿದ್ರೆ ಇಡೀ ಫಾರ್ಮನ್ನೇ ಅಪ್‌ಡೇಟ್ ಮಾಡೋದು, ಮರವನ್ನ ಬೇರಿನಿಂದ ಹೊಸದಾಗಿ ಕಟ್ಟೋದು ಕಾಣ್ತಾನೇ ಇರುತ್ತೆ. ಪ್ರೈಮ್‌ಫೇಸಸ್‌ನ ಟ್ರೀನೋಡ್ ಒಳಗೆ "ತೆರೆದಿದೆಯಾ ಇಲ್ವಾ" ಅನ್ನೋ ಬಾವುಟ ಇರುತ್ತೆ. ಹೊಸ ನೋಡ್ ಸೃಷ್ಟಿಸಿದ್ರೆ ಆ ಬಾವುಟ "ಇಲ್ಲ" ಅಂತಲೇ ಶುರುವಾಗುತ್ತೆ. ಹಳೆಯದರ ಬಾವುಟವನ್ನ ಹೊಸದಕ್ಕೆ ಯಾರಾದ್ರೂ ದಾಟಿಸಬೇಕು. ಆ "ಯಾರಾದ್ರೂ" ನಾವೇ.

*

ಸರಿ, ದಾಟಿಸೋಣ. ಹಳೇ ಮರದ ಯಾವ ನೋಡ್ ಹೊಸ ಮರದ ಯಾವ ನೋಡ್ ಅಂತ ಗುರುತು ಹಿಡಿಯೋದು ಹೇಗೆ? ಪ್ರಶ್ನೆಯ ತಿರುಳು ಇಲ್ಲಿದೆ, ಇದಕ್ಕೆ ನಮ್ಮ ಕರ್ನಾಟಕಕ್ಕಿಂತ ಒಳ್ಳೇ ಉದಾಹರಣೆ ಬೇಡ.

ರಾಜ್ಯ, ಕಂದಾಯ ವಿಭಾಗ, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ. ಇದು ಒಂದು ಅಚ್ಚುಕಟ್ಟಾದ ಮರ. 4 ವಿಭಾಗ, 31 ಜಿಲ್ಲೆ, ಎಲೆಗಳ ಕಡೆ ಹೋದ್ರೆ 2011ರ ಜನಗಣತಿ ಪ್ರಕಾರ 29 ಸಾವಿರಕ್ಕೂ ಹೆಚ್ಚು ಗ್ರಾಮಗಳು. ಇದನ್ನ ತೋರಿಸೋ ಪರದೆ ಬರೀತಿದೀರಿ ಅಂದುಕೊಳ್ಳಿ.

ಮೊದಲನೇ ದಾರಿ, ಹೆಸರಿನಿಂದ ಗುರುತು. 2014ರ ನವೆಂಬರ್ 1ಕ್ಕೆ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯ್ತು. ಗುಲ್ಬರ್ಗ ಹೋಗಿ ಕಲಬುರಗಿ ಆಯ್ತು, ಬಿಜಾಪುರ ಹೋಗಿ ವಿಜಯಪುರ ಆಯ್ತು. ಹೆಸರನ್ನೇ ನಂಬಿದ್ದ ಮರಕ್ಕೆ ಗುಲ್ಬರ್ಗ ಸತ್ತು ಕಲಬುರಗಿ ಅನ್ನೋ ಯಾರೋ ಅಪರಿಚಿತರು ಹುಟ್ಟಿದ ಹಾಗೆ ಕಾಣುತ್ತೆ.

ಎರಡನೇ ದಾರಿ, ಹಾದಿಯಿಂದ ಗುರುತು. ಬೇರಿನಿಂದ ಇಲ್ಲಿಯವರೆಗೆ ಬಂದ ದಾರಿಯೇ ವಿಳಾಸ. ಇದಕ್ಕೆ ಉತ್ತರ ಹರಪನಹಳ್ಳಿ. ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಸೇರಿತು. 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಊರು ಇದ್ದಲ್ಲೇ ಇದೆ, ಹೊಲಗಳು ಇದ್ದಲ್ಲೇ ಇವೆ, ಮೇಲಿನ ಕೊಂಬೆ ಮಾತ್ರ ಮೂರು ಸಲ ಬದಲಾಯ್ತು. ಹಾದಿಯನ್ನ ನಂಬಿದ ಮರದಲ್ಲಿ ಪ್ರತಿ ಸಲವೂ ಹರಪನಹಳ್ಳಿ ಕಳೆದುಹೋಗುತ್ತೆ.

ಮೂರನೇ ದಾರಿ, ಸ್ಥಾನದಿಂದ ಗುರುತು. ಮೊದಲನೇ ಕೊಂಬೆಯ ಎರಡನೇ ಎಲೆ ಅನ್ನೋ ಹಾಗೆ. ಇದು ಮೂರರಲ್ಲಿ ಎಲ್ಲಕ್ಕಿಂತ ಅಪಾಯ. ಯಾಕಂದ್ರೆ ಮೊದಲೆರಡರಲ್ಲಿ ನೋಡ್ ಸಿಗೋದಿಲ್ಲ, ಇದರಲ್ಲಿ ತಪ್ಪು ನೋಡ್ ಸಿಗುತ್ತೆ!

ಪ್ರೈಮ್‌ಫೇಸಸ್ ಮರದಲ್ಲಿ ನೋಡಿನ ರೋ ಕೀ ಇಂಥ ಸ್ಥಾನದ ಸಂಖ್ಯೆಯೇ. ಸೊನ್ನೆ, ಅಡಿಗೆರೆ, ಎರಡು ಅನ್ನೋ ಥರ. ಒಂದು ದಿನಸಿ ಗೋದಾಮಿನ ಪರದೆ ಕಲ್ಪಿಸಿಕೊಳ್ಳಿ. ದಿನಸಿ ಅನ್ನೋ ಕೊಂಬೆಯ ಕೆಳಗೆ ಅಕ್ಕಿ, ಬೆಲ್ಲ, ಸಕ್ಕರೆ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಸಕ್ಕರೆ 2ನೇ ಸ್ಥಾನ. ನೀವು ಸಕ್ಕರೆ ಆಯ್ಕೆ ಮಾಡಿ ಅಳಿಸೋ ಗುಂಡಿ ಕಡೆ ಮೌಸ್ ತರೋ ಹೊತ್ತಿಗೆ, ಪಕ್ಕದ ಕೋಣೆಯಲ್ಲಿ ಕೂತವರು ಅವಲಕ್ಕಿ ಸೇರಿಸಿದ್ರು. ನೀವು ಗುಂಡಿ ಒತ್ತಿದಿರಿ. ಸರ್ವರ್ ಪ್ರತಿ ಕೋರಿಕೆಗೂ ಡೇಟಾಬೇಸಿನಿಂದ ಮರವನ್ನ ಹೊಸದಾಗಿ ಕಟ್ಟೋ ಹಾಗೆ ಬರೆದಿದ್ರೆ, ಈಗ ಅಲ್ಲಿರೋ ಸಾಲು ಅಕ್ಕಿ, ಅವಲಕ್ಕಿ, ಬೆಲ್ಲ, ಸಕ್ಕರೆ. 2ನೇ ಸ್ಥಾನದಲ್ಲಿ ಯಾರು? ಬೆಲ್ಲ. ನೀವು ಸಕ್ಕರೆ ಅಳಿಸಿ ಅಂದ್ರಿ, ಬೆಲ್ಲ ಹೋಯ್ತು. ಲಾಗ್‌ನಲ್ಲಿ ನಿಮ್ಮ ಹೆಸರೇ ಇರುತ್ತೆ. ನೀವು ಎಷ್ಟು ಆಣೆ ಇಟ್ಟು ಹೇಳಿದ್ರೂ "ಮೇಡಂ, ನೀವೇ ಬೆಲ್ಲ ಕ್ಲಿಕ್ ಮಾಡಿರಬೇಕು" ಅಂತಾರೆ.

ಈ ವಿಷಯದ ಬಗ್ಗೆ ಇಷ್ಟುದ್ದ ಬರೆಯೋಕೆ ಕಾರಣ ಇದೇ. ಮರ ಮುದುಡೋದು ಮತ್ತು ಬೆಲ್ಲ ಹೋಗೋದು, ಎರಡೂ ಒಂದೇ ರೋಗದ ಎರಡು ಲಕ್ಷಣ. ನೋಡಿಗೆ ತನ್ನದೇ ಆದ ಗುರುತು ಇಲ್ಲದಿರೋದು. ಮೊದಲನೆಯದನ್ನ "ಕಡಿಮೆ ಆದ್ಯತೆ" ಅಂತ ಪಕ್ಕಕ್ಕಿಟ್ಟವರ ಮನೆಯಲ್ಲಿ ಎರಡನೆಯದು ಹೊಂಚು ಹಾಕಿ ಕೂತಿರೋ ಸಾಧ್ಯತೆ ಇರುತ್ತೆ.

ಹಾಗಾಗಿ ನಾಲ್ಕನೇ ದಾರಿಯೇ ಸರಿ: ಬದಲಾಗದ ಒಂದು ಐಡಿ. ಡೇಟಾಬೇಸಿನ ಪ್ರೈಮರಿ ಕೀ ಇದ್ದೇ ಇರುತ್ತೆ, ಅದನ್ನ ಬಳಸಿ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಪ್ರತಿ ಜಿಲ್ಲೆಗೆ, ಗ್ರಾಮಕ್ಕೆ ಒಂದೊಂದು ಕೋಡ್ ಕೊಟ್ಟಿರೋದೂ ಇದೇ ಕಾರಣಕ್ಕೆ. ಹೆಸರಿನ ಕಾಗುಣಿತ ಹತ್ತು ಥರ ಇರಬಹುದು, ಕೋಡ್ ಒಂದೇ.

ಸ್ಥಾನ ಎಷ್ಟು ಸುಲಭವಾಗಿ ಬದಲಾಗುತ್ತೆ ಅನ್ನೋದಕ್ಕೆ ಕನ್ನಡದ್ದೇ ಒಂದು ಸ್ವಾರಸ್ಯ. ಯುನಿಕೋಡಿನಲ್ಲಿ ಳ ಅಕ್ಷರ ಲ ಆದಮೇಲೆ, ವ ಬರೋದಕ್ಕೆ ಮುಂಚೆ ಕೂತಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಯದು. ಜಾವಾದ ಮಾಮೂಲಿ ಸ್ಟ್ರಿಂಗ್ ಹೋಲಿಕೆ ಯುನಿಕೋಡ್ ಸಂಖ್ಯೆ ನೋಡುತ್ತೆ, ಕನ್ನಡದ ನಿಯಮ ಬಲ್ಲ ಹೋಲಿಕೆ ವರ್ಣಮಾಲೆ ನೋಡುತ್ತೆ. ಒಂದಿನ ಯಾರೋ ಪುಣ್ಯಾತ್ಮರು ಅಕಾರಾದಿ ಸರಿಮಾಡಿದ್ರು ಅಂದುಕೊಳ್ಳಿ, ಸ್ಥಾನ ನಂಬಿದ ಮರ ಅವತ್ತೇ ಅಡ್ಡಾದಿಡ್ಡಿ.

*

ಗೆಳೆಯರು ಇದಕ್ಕೆ ಹೇಳೋ ಉತ್ತರಗಳೂ ನನಗೆ ಗೊತ್ತು. ಒಂದೊಂದಾಗಿ ನೋಡೋಣ.

"ಪೂರ್ತಿ ಹೊಸದಾಗಿ ಕಟ್ಟಿದ್ರೆ ತಪ್ಪಾಗೋ ಅವಕಾಶ ಕಡಿಮೆ. ತೇಪೆ ಹಚ್ಚಲು ಹೋದ್ರೆ ಪರದೆಯಲ್ಲೊಂದು, ಡೇಟಾಬೇಸಿನಲ್ಲೊಂದು ಆಗುತ್ತೆ." ಈ ಮಾತಲ್ಲಿ ಸತ್ಯ ಇದೆ. ಸೇರಿದ್ದು, ಹೋದದ್ದು, ಜಾಗ ಬದಲಿಸಿದ್ದು ಎಲ್ಲಕ್ಕೂ ಪ್ರತ್ಯೇಕ ಕೋಡ್ ಬರೆದ್ರೆ ಎಲ್ಲೋ ಒಂದು ಕಡೆ ಎಡವುತ್ತೆ. ನಾನೂ ಎಷ್ಟೋ ಕಡೆ ಪೂರ್ತಿ ಕಟ್ಟೋದನ್ನೇ ಆರಿಸ್ಕೋತೀನಿ. ಆದ್ರೆ ಕಟ್ಟೋದಕ್ಕೆ ಮುಂಚೆ ತೆರೆದ ನೋಡುಗಳ ಐಡಿಗಳನ್ನ ಒಂದು ಸೆಟ್‌ಗೆ ಹಾಕಿಕೊಂಡಿದ್ರೆ ಆಯ್ತು. ಕಟ್ಟಿದ ಮೇಲೆ ಆ ಸೆಟ್ ನೋಡ್ತಾ ಬಾವುಟ ಏರಿಸ್ತಾ ಹೋಗೋದು. ಎರಡರ ಲಾಭವೂ ಸಿಗುತ್ತೆ. ತೆರೆದ ಸುದ್ದಿ ಸರ್ವರಿಗೆ ತಲುಪೋ ಹಾಗೆ ಎಕ್ಸ್‌ಪ್ಯಾಂಡ್, ಕೊಲ್ಯಾಪ್ಸ್ ಈವೆಂಟುಗಳಿಗೆ ಕಿವಿಗೊಟ್ಟಿರಬೇಕು ಅಷ್ಟೇ.

"ಫ್ರೇಮ್‌ವರ್ಕ್ ಮಾಡಿಕೊಳ್ಳಲಿ ಬಿಡಿ." ಕೆಲವು ಮಾಡುತ್ವೆ. ವಿಕೆಟ್‌ನ ಮರ ತೆರೆದ ನೋಡುಗಳ ಸೆಟ್ಟನ್ನೇ ಬೇರೆ ಮಾಡೆಲ್ ಆಗಿ ಕೊಡೋಕೆ ಬಿಡುತ್ತೆ, ಒಂದು ನೋಡನ್ನ ಅಥವಾ ಒಂದು ಕೊಂಬೆಯನ್ನ ಮಾತ್ರ ಅಪ್‌ಡೇಟ್ ಮಾಡೋ ಮೆಥಡ್ ಕೊಡುತ್ತೆ. ವಾಡಿನ್‌ನ ಟ್ರೀಗ್ರಿಡ್‌ನಲ್ಲೂ ಒಂದೇ ವಸ್ತುವಿನ ರಿಫ್ರೆಶ್, ಎಲ್ಲದರ ರಿಫ್ರೆಶ್ ಬೇರೆ ಬೇರೆ. ಆದ್ರೆ "ಈ ವಸ್ತು ಅದೇ ವಸ್ತುವಾ?" ಅನ್ನೋ ಪ್ರಶ್ನೆಯನ್ನ ಅದು ವಾಪಸ್ ನಮಗೇ ಕೇಳುತ್ತೆ. ನಾವು ಐಡಿ ಕೊಡದಿದ್ರೆ ವಸ್ತುವಿನ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ನೋಡುತ್ತೆ. ಅಲ್ಲೇ ಒಂದು ಹಳ್ಳ ಇದೆ. ಲಾಂಬಾಕ್‌ನ ಡೇಟಾ ಅನೊಟೇಶನ್ ಹಾಕಿದ್ರೆ, ಅಥವಾ 2021ರಲ್ಲಿ ಜಾವಾ 16ರ ಜೊತೆ ಬಂದ ರೆಕಾರ್ಡ್ ಬಳಸಿದ್ರೆ, ಎಲ್ಲಾ ಫೀಲ್ಡ್‌ಗಳೂ ಹೋಲಿಕೆಗೆ ಬರುತ್ವೆ. ಹೆಸರಲ್ಲಿ ಒಂದು ಒತ್ತಕ್ಷರ ತಿದ್ದಿದ್ರೂ ಅದು ಬೇರೆ ವಸ್ತು ಆಗಿಬಿಡುತ್ತೆ, ತೆರೆದಿದ್ದ ಕೊಂಬೆ ಮುಚ್ಚುತ್ತೆ. ಫ್ರೇಮ್‌ವರ್ಕ್ ಎಷ್ಟೇ ಜಾಣ ಆದ್ರೂ, ಗುರುತು ಯಾವುದು ಅಂತ ಹೇಳೋ ಜವಾಬ್ದಾರಿ ನಮ್ಮದೇ.

"ನೆನಪಿಟ್ಟುಕೊಂಡ್ರೆ ಸರ್ವರಿನ ಮೆಮೊರಿ ತಿನ್ನುತ್ತೆ." ಒಬ್ಬರು ಒಂದು ಸಲಕ್ಕೆ ಎಷ್ಟು ಕೊಂಬೆ ತೆರೆದಾರು? ಇಪ್ಪತ್ತು, ಮೂವತ್ತು. ಅಷ್ಟು ಸಂಖ್ಯೆಗಳ ಸೆಟ್ ಏನು ಮಹಾ ಭಾರ. ಇಡೀ ಮರವನ್ನ ನೋಡುಗಳ ಸಮೇತ ಸೆಶನ್‌ನಲ್ಲಿ ಇಟ್ಟಾಗಲೇ ನಿಜವಾದ ಭಾರ. 29 ಸಾವಿರ ಗ್ರಾಮಗಳ ಮರ ಆದ್ರೆ, ತೆರೆದ ಕೊಂಬೆಗಳ ಮಕ್ಕಳನ್ನ ಮಾತ್ರ ಮೇಲಿಂದ ಕೆಳಗೆ ಹಂತಹಂತವಾಗಿ ತರಿಸಿದ್ರೆ ಸಾಕು.

"ಬಳಕೆದಾರರು ಹೊಂದಿಕೊಳ್ತಾರೆ." ಹೌದು, ಹೊಂದಿಕೊಳ್ತಾರೆ! ಇದೇ ನನಗೆ ಬೇಜಾರಿನ ಮಾತು. ಮರ ಮುದುಡುತ್ತೆ ಅಂತ ಒಂದೊಂದೇ ಸೇವ್ ಮಾಡದೆ ಕಾಗದದಲ್ಲಿ ಬರೆದಿಟ್ಟುಕೊಂಡು ಸಂಜೆ ಒಟ್ಟಿಗೆ ಹಾಕ್ತಾರೆ. ಬ್ರೌಸರಿನಲ್ಲಿ ಮೂರು ಟ್ಯಾಬ್ ತೆರೆದಿಟ್ಟುಕೊಂಡು ಒಂದರಲ್ಲಿ ನೋಡಿ ಇನ್ನೊಂದರಲ್ಲಿ ಬರೀತಾರೆ. "ನಮಗೆ ಕಂಪ್ಯೂಟರ್ ಸರಿಯಾಗಿ ಬರಲ್ಲ ಸಾರ್" ಅಂತ ತಮ್ಮನ್ನೇ ಬೈಕೊಳ್ತಾರೆ. ದೂರು ಬರಲಿಲ್ಲ ಅಂದ್ರೆ ತೊಂದರೆ ಇಲ್ಲ ಅಂತ ಅರ್ಥ ಅಲ್ಲ.

ಕಣ್ಣು ಕಾಣದವರ ಪಾಡು ಇನ್ನೂ ಬೇರೆ. ಅವರು ಸ್ಕ್ರೀನ್ ರೀಡರ್ ಓದಿದ್ದನ್ನ ಕೇಳ್ತಾ, ಬಾಣದ ಕೀ ಒತ್ತುತ್ತಾ ಮರದಲ್ಲಿ ಇಳೀತಾರೆ. 2014ರಲ್ಲಿ ಡಬ್ಲ್ಯು3ಸಿ ಶಿಫಾರಸು ಮಾಡಿದ ಏರಿಯಾ ನಿಯಮಗಳಲ್ಲಿ ಮರಕ್ಕೆ, ಅದರ ನೋಡುಗಳಿಗೆ, ತೆರೆದಿದೆಯಾ ಮುಚ್ಚಿದೆಯಾ ಅನ್ನೋದಕ್ಕೆ ಎಲ್ಲಾ ಜಾಗ ಇದೆ. ಆದ್ರೆ ಫೋಕಸ್ ಇದ್ದ ನೋಡನ್ನೇ ಕಿತ್ತು ಹೊಸದನ್ನ ನೆಟ್ಟರೆ, ಫೋಕಸ್ ಪುಟದ ಮೈಮೇಲೆ ಎಲ್ಲೋ ಬೀಳುತ್ತೆ. ನಮಗೆ ಕಣ್ಣಾಡಿಸಿದ್ರೆ ಜಾಗ ಮತ್ತೆ ಸಿಗುತ್ತೆ. ಅವರು ಪುಟದ ಮೊದಲಿಂದ ಕೇಳ್ತಾ ಬರಬೇಕು. ಅರ್ಧ ನಿಮಿಷಕ್ಕೊಮ್ಮೆ ತಾನಾಗಿಯೇ ರಿಫ್ರೆಶ್ ಆಗೋ ಪರದೆ ಆದ್ರೆ? ನಾಲ್ಕನೇ ಹಂತ ತಲುಪೋದಕ್ಕೇ ಆಗೋದಿಲ್ಲ. ಅವರಿಗೆ ಅದು ಕಿರಿಕಿರಿ ಅಲ್ಲ, ಕೆಲಸವೇ ನಿಂತುಹೋಗೋ ವಿಷಯ.

*

ಹಾಗಾದ್ರೆ ಏನು ಮಾಡ್ಬೇಕು? ನನ್ನ ಲೆಕ್ಕದಲ್ಲಿ ಒಳ್ಳೇ ರಿಫ್ರೆಶ್ ಅಂದ್ರೆ ಇಷ್ಟು.

೧. ಪ್ರತಿ ನೋಡಿಗೂ ಹೆಸರು, ಹಾದಿ, ಸ್ಥಾನ ಯಾವುದನ್ನೂ ಅವಲಂಬಿಸದ ಐಡಿ ಇರಬೇಕು.
೨. ತೆರೆದದ್ದು, ಆಯ್ಕೆಯಾದದ್ದು ಮರದ ನೋಡುಗಳ ಒಳಗೆ ಮಾತ್ರ ಇರಬಾರದು, ಐಡಿಗಳ ಪಟ್ಟಿಯಾಗಿ ಪಕ್ಕದಲ್ಲಿ ಇರಬೇಕು.
೩. ಅಳಿಸೋದು, ತಿದ್ದೋದು ಮುಂತಾದ ಕೋರಿಕೆಗಳು ಐಡಿ ಹೊತ್ತು ಹೋಗಬೇಕು. "2ನೇ ಸ್ಥಾನದಲ್ಲಿರೋದನ್ನ ಅಳಿಸು" ಅಂತ ಯಾವತ್ತೂ ಹೇಳಬಾರದು.
೪. ಒಂದೇ ನೋಡ್ ಬದಲಾದ್ರೆ ಆ ನೋಡ್ ಅಥವಾ ಆ ಕೊಂಬೆಯನ್ನ ಮಾತ್ರ ಹೊಸದು ಮಾಡಿ. ಫೋಕಸ್, ಸ್ಕ್ರೋಲ್ ಇದ್ದಲ್ಲೇ ಇರಲಿ.
೫. ನಾವು ನಿಂತಿದ್ದ ನೋಡನ್ನೇ ಬೇರೆಯವರು ಅಳಿಸಿದ್ರೆ, ಸುಮ್ಮನೆ ಬೇರಿಗೆ ಎಸೆಯಬೇಡಿ. ಅದರ ಮೇಲಿನ ಕೊಂಬೆಯಲ್ಲಿ ನಿಲ್ಲಿಸಿ "ಇದನ್ನ ಈಗಷ್ಟೇ ಅಳಿಸಲಾಗಿದೆ" ಅಂತ ಒಂದು ಮಾತು ಹೇಳಿ.

ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ. ಮೊದಲೇ ಯೋಚಿಸಿದ್ರೆ ಒಂದು ದಿನದ ಕೆಲಸ. ಇನ್ನೂರು ಪರದೆ ಬರೆದಾದ ಮೇಲೆ ನೆನಪಾದ್ರೆ ಮಾತ್ರ ತಿಂಗಳುಗಟ್ಟಲೆ ಪರದಾಟ. ಟೆಸ್ಟ್ ಮಾಡೋ ಗೆಳೆಯರಿಗೂ ಒಂದು ಕೋರಿಕೆ: ಎರಡು ಬ್ರೌಸರ್ ತೆರೆದು, ಒಂದರಲ್ಲಿ ಸಕ್ಕರೆ ಆಯ್ಕೆ ಮಾಡಿ, ಇನ್ನೊಂದರಲ್ಲಿ ಅವಲಕ್ಕಿ ಸೇರಿಸಿ, ಆಮೇಲೆ ಮೊದಲನೆಯದರಲ್ಲಿ ಅಳಿಸಿ ನೋಡಿ. ಎರಡು ನಿಮಿಷ ಸಾಕು. ಬೆಲ್ಲ ಉಳೀತಾ ಇಲ್ವಾ ಅಂತ ಗೊತ್ತಾಗುತ್ತೆ.

ಸಾಫ್ಟ್‌ವೇರ್ ಅಂದ್ರೆ ಡೇಟಾ ಮಾತ್ರ ಅಂದುಕೊಂಡಿದೀವಿ ನಾವು. ಆ ಡೇಟಾ ಮುಂದೆ ಕೂತವರ ಗಮನವೂ ಅಲ್ಲೇ ಎಲ್ಲೋ ಒಂದು ಕೊಂಬೆಯ ಮೇಲೆ ಕೂತಿರುತ್ತೆ. ಕೊಂಬೆ ಅಲ್ಲಾಡಿಸೋವಾಗ ಅದು ಬೀಳದ ಹಾಗೆ ನೋಡ್ಕೊಳ್ಳೋದು ಕೂಡ ನಮ್ಮ ಸಂಬಳದ ಕೆಲಸವೇ ಅಂತ ನನ್ನ ಅನಿಸಿಕೆ.

ನೀವು ದಿನಾ ಬಳಸೋ ಪರದೆಗಳಲ್ಲಿ ಇಂಥ ಮುಟ್ಟಿದರೆ ಮುನಿಗಳು ಎಷ್ಟಿವೆ? ಅವುಗಳ ಜೊತೆ ಹೇಗೆ ಏಗ್ತೀರಾ? ಜಾವಾ ಬಳಗದವರು ಇದಕ್ಕಿಂತ ಸುಲಭದ ದಾರಿ ಕಂಡಿದ್ರೆ ದಯವಿಟ್ಟು ತಿಳಿಸಿ, ಕಲಿಯೋದಕ್ಕೆ ನಾನು ತಯಾರು. ಏನಂತೀರಿ?